ಮೂಡಿಗೆರೆಗೆ ಐಸ್‌ಲ್ಯಾಂಡ್ ಕುದುರೆ ತರಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಐದು ವರ್ಷದಿಂದ ಸ್ವೀಡನ್ನಿನ ಗೋಥೆನ್‌ಬರ್ಗ್ ಹತ್ತಿರ ಇದ್ದೇವೆ. ಮಗಳಿಗೆ 11 ವರ್ಷ. ಮನೆ ಹತ್ತಿರದ ಲಾಯವೊಂದರಲ್ಲಿ ಸವಾರಿ ಕಲಿಯುತ್ತಿದ್ದಾಳೆ. ಅಲ್ಲಿರುವುದೆಲ್ಲ ಐಸ್‌ಲ್ಯಾಂಡ್ ಕುದುರೆಗಳು. ಗಿಡ್ಡಗೆ, ಗುಂಡಗೆ, ಕಣ್ಣು ಮುಚ್ಚುವಷ್ಟು ಜೂಲು. ಸಾವಿರ ವರ್ಷದ ತಳಿ, ಎಂಥ ಚಳಿಗೂ ಜಗ್ಗಲ್ಲ ಅಂತಾರೆ. ನಿಜವೇ? ‘ಟೋಲ್ಟ್’ ಅನ್ನುವ ನಡಿಗೆಯ ಬಗ್ಗೆ ಮಗಳು ದಿನಾ ಹೇಳುತ್ತಾಳೆ, ನನಗೆ ಅರ್ಥವಾಗಿಲ್ಲ. ಈಗ ನಮ್ಮ ಮನೆಯವರೂ ಕಲಿಯಬೇಕು ಅಂತಿದ್ದಾರೆ. ಅವರ ತೂಕ 92 ಕೆ.ಜಿ. ಆ ಪ್ರಾಣಿ ತಡೆದೀತೇ? ಕೊನೆಯದು ಮಗಳ ಪ್ರಶ್ನೆ. ಮೂಡಿಗೆರೆ ಹತ್ತಿರ ನಮ್ಮಪ್ಪನ ಕಾಫಿ ತೋಟ ಇದೆ. ಮುಂದೆ ಊರಿಗೆ ವಾಪಸ್ ಬರುವಾಗ ಅಂಥ ಒಂದು ಕುದುರೆಯನ್ನು ತಂದು ಸಾಕಬಹುದಾ?

ಉತ್ತರ: ಮಗಳ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬೇಡ. ಯಾಕೆ ಬೇಡ ಅನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು. ಈ ಕುದುರೆಯ ಗಟ್ಟಿತನ ಎಲ್ಲಿಂದ ಬಂತೋ, ಅದರ ಮೆದುತನವೂ ಅಲ್ಲಿಂದಲೇ ಬಂದಿದೆ.

ನಾನು ಹೆಚ್ಚು ವರ್ಷ ರೇಸ್ ಕುದುರೆಗಳ ಜೊತೆ ಕಳೆದ ಪಶುವೈದ್ಯ. ಥರೋಬ್ರೆಡ್ ಗೊತ್ತಲ್ಲ, ಉದ್ದ ಕಾಲು, ತೆಳ್ಳನೆ ಚರ್ಮ, ಪ್ಲಾಸ್ಟಿಕ್ ಚೀಲ ಹಾರಿದರೂ ಬೆಚ್ಚುವ ಜೀವ. ಮಧ್ಯೆ ಎರಡು ವರ್ಷ ಓದಲು ಸ್ವೀಡನ್ನಿಗೆ ಹೋಗಿದ್ದೆ. ಅಲ್ಲಿ ಜನವರಿಯ ಒಂದು ಬೆಳಿಗ್ಗೆ ಏಳೆಂಟು ಐಸ್‌ಲ್ಯಾಂಡ್ ಕುದುರೆಗಳು ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಬೆನ್ನ ಮೇಲೆ ನಾಲ್ಕು ಬೆರಳು ದಪ್ಪ ಹಿಮ. ನನಗೆ ಕರುಳು ಚುರುಕ್ ಎಂದಿತು. ಒಳಗೆ ಕಟ್ಟಬಾರದೇ ಎಂದು ಕೇಳಿಯೇಬಿಟ್ಟೆ. ಅವನ್ನು ಸಾಕಿದ್ದ ಹೆಂಗಸು ನಕ್ಕು, ಹಿಮದ ಕೆಳಗೆ ಕೈ ತೂರಿಸಿ ನೋಡಿ ಅಂದರು. ತೂರಿಸಿದೆ. ಬೆರಳಿನ ಎರಡು ಗೆಣ್ಣು ಮುಳುಗುವಷ್ಟು ಕೂದಲು. ಮೇಲಿನದು ಒರಟು, ಉದ್ದ, ಒದ್ದೆ. ಅದರ ಕೆಳಗೆ ಉಣ್ಣೆಯಂಥ ಮೆತ್ತನೆ ಕೂದಲು, ಒಣಗಿತ್ತು, ಬೆಚ್ಚಗಿತ್ತು. ಮೈಯ ಬಿಸಿ ಹೊರಗೆ ಸೋರುತ್ತಿದ್ದರೆ ಹಿಮ ಕರಗಬೇಕಿತ್ತು. ಕರಗಿಲ್ಲ ಅಂದರೆ ಬಿಸಿಯೆಲ್ಲ ಒಳಗೇ ಇದೆ. ಮಳೆಯಲ್ಲಿ ನಮ್ಮ ಕುರಿಗಾರರ ಕಂಬಳಿ ಮಾಡುವ ಕೆಲಸವನ್ನೇ ಆ ಕೂದಲು ಮಾಡುತ್ತಿತ್ತು.

ಹಾಗಾಗಿ ಚಳಿಯ ಮಾತು ನಿಜ. ಆದರೆ ಐಸ್‌ಲ್ಯಾಂಡಿನ ಚಳಿ ನಾವು ಅಂದುಕೊಂಡ ಹಾಗಲ್ಲ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಜನವರಿಯ ಸರಾಸರಿ ಸೊನ್ನೆ ಡಿಗ್ರಿ ಆಸುಪಾಸು ಅಷ್ಟೆ. ಕೊಲ್ಲುವುದು ಗಾಳಿ, ಮತ್ತು ಗಾಳಿಯ ಜೊತೆ ಅಡ್ಡಡ್ಡ ಬರುವ ಮಳೆ. ಎರಡು ಪದರದ ಕೂದಲು, ದಪ್ಪ ಜೂಲು, ಬಾಲದ ಬುಡದಲ್ಲಿ ಪೊದೆಯಂಥ ಕೂದಲು, ಇವೆಲ್ಲ ಬಂದದ್ದು ಆ ಒದ್ದೆ ಗಾಳಿಗಾಗಿ. ಬೇಸಿಗೆಯ ಎರಡು ಮೂರು ತಿಂಗಳಲ್ಲಿ ಹುಲ್ಲು ತಿಂದು ಕೊಬ್ಬು ಕಟ್ಟಿಕೊಳ್ಳುತ್ತದೆ, ಚಳಿಗಾಲದಲ್ಲಿ ಅದನ್ನೇ ಕರಗಿಸುತ್ತದೆ. ಈ ಕೊಬ್ಬು ಕಟ್ಟುವ ಗುಣ ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ.

ಇನ್ನು ಸಾವಿರ ವರ್ಷದ ಮಾತು. 9ನೇ ಶತಮಾನದ ಕೊನೆಯಲ್ಲಿ ನಾರ್ವೆ ಕಡೆಯಿಂದ, ಬ್ರಿಟನ್ ಸುತ್ತಲಿನ ದ್ವೀಪಗಳಿಂದ ಜನ ತೆರೆದ ದೋಣಿಗಳಲ್ಲಿ ಬಂದು ಐಸ್‌ಲ್ಯಾಂಡಿನಲ್ಲಿ ನೆಲೆ ನಿಂತರು. ದೋಣಿಯಲ್ಲಿ ಎಷ್ಟು ಜಾಗ ಇರುತ್ತದೆ ಹೇಳಿ? ಹಾಗಾಗಿ ತಂದದ್ದು ಆರಿಸಿದ ಕೆಲವೇ ಕುದುರೆಗಳನ್ನು. ಕ್ರಿ.ಶ. 982ರಲ್ಲಿ ಅವರ ಸಭೆ ‘ಆಲ್ತಿಂಗ್’ ಹೊರಗಿನ ಕುದುರೆ ತರಬಾರದು ಎಂದು ಕಟ್ಟು ಮಾಡಿತು ಎಂದು ಹೇಳುವ ವಾಡಿಕೆ ಇದೆ. ವರ್ಷ ಹಿಂದೆ ಮುಂದೆ ಇರಲಿ, ಹೊರಗಿನ ರಕ್ತ ಶತಮಾನಗಳಿಂದ ಸೇರಿಲ್ಲ ಅನ್ನುವುದಂತೂ ಸರಿ. ಇಂದಿಗೂ ಕಾನೂನು ಹಾಗೇ ಇದೆ, ಇನ್ನೂ ಬಿಗಿಯಾಗಿದೆ. ಹೊರಗಿನ ಕುದುರೆ ಒಳಗೆ ಬರುವಂತಿಲ್ಲ. ಅಲ್ಲಿಂದ ಒಮ್ಮೆ ಹೊರಗೆ ಹೋದ ಕುದುರೆಯೂ ವಾಪಸ್ ಬರುವಂತಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುವ ಐಸ್‌ಲ್ಯಾಂಡ್ ಸವಾರ ಪದಕ ಗೆದ್ದು ಮನೆಗೆ ಬರುತ್ತಾನೆ, ಅವನ ಕುದುರೆ ಬರುವುದಿಲ್ಲ. ಹತ್ತು ವರ್ಷ ಜೊತೆಗಿದ್ದ ಪ್ರಾಣಿಯನ್ನು ಅಲ್ಲೇ ಯಾರಿಗಾದರೂ ಮಾರಿ ಬರಬೇಕು. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ.

ಬರೀ ಕಾನೂನಿನಿಂದ ತಳಿ ಗಟ್ಟಿಯಾಗಲಿಲ್ಲ. ಹಸಿವು ಅದನ್ನು ಜರಡಿ ಹಿಡಿದಿದೆ. ಹೊಲ ಕಮ್ಮಿ, ಹುಲ್ಲು ಕಮ್ಮಿ. ಕತ್ತರಿಸಿಟ್ಟ ಒಣಹುಲ್ಲು ಮೊದಲು ಹಸುವಿಗೆ, ಆಮೇಲೆ ಕುರಿಗೆ. ಬಹುಪಾಲು ಕುದುರೆಗಳು ಹೊರಗೇ ಇದ್ದು ಗೊರಸಿನಿಂದ ಹಿಮ ಕೆರೆದು ತಿನ್ನಬೇಕಿತ್ತು. 1783ರ ಜೂನ್‌ನಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಲಾವಾ ಉಕ್ಕತೊಡಗಿತು. ಎಂಟು ತಿಂಗಳು ನಿಲ್ಲಲಿಲ್ಲ. ಬೂದಿಯ ಜೊತೆ ಫ್ಲೋರಿನ್ ಹುಲ್ಲಿನ ಮೇಲೆ ಕೂತಿತು. ಅದನ್ನು ತಿಂದ ಪ್ರಾಣಿಗಳ ಹಲ್ಲು, ಮೂಳೆ ಕೆಟ್ಟವು. ದೇಶದ ಕುದುರೆಗಳಲ್ಲಿ ನೂರಕ್ಕೆ ಸುಮಾರು 70 ಸತ್ತವು, ಕುರಿಗಳಲ್ಲಿ ಇನ್ನೂ ಜಾಸ್ತಿ. ಜನರಲ್ಲೇ ಐದರಲ್ಲೊಬ್ಬರು ಹೋದರು. ನಿಮ್ಮ ಮಗಳು ಇವತ್ತು ಹತ್ತುವ ಕುದುರೆ ಆಗ ಉಳಿದವುಗಳ ಸಂತಾನ.

ಮೈಕಟ್ಟು ಹೇಗೆಂದು ನೀವೇ ಬರೆದಿದ್ದೀರಿ, ನಾನು ಬೇಗ ಮುಗಿಸುತ್ತೇನೆ. ಹೆಗಲಿನ ಹತ್ತಿರ ಎತ್ತರ 132ರಿಂದ 142 ಸೆಂಟಿಮೀಟರ್. ತೂಕ 330ರಿಂದ 380 ಕಿಲೋ. ಎತ್ತರ ನೋಡಿದರೆ ಇದು ತಟ್ಟು, ಅಂದರೆ ಪೋನಿ. ಆದರೆ ಲಾಯದಲ್ಲಿ ಯಾರ ಎದುರೂ ಹಾಗೆ ಹೇಳಬೇಡಿ, ಮುಖ ಗಂಟಿಕ್ಕುತ್ತಾರೆ! ಬೇರೆ ಕುದುರೆಗಿಂತ ನಿಧಾನವಾಗಿ ಬೆಳೆಯುತ್ತದೆ. ನಾಲ್ಕು ವರ್ಷ ತುಂಬುವವರೆಗೆ ಬೆನ್ನೇರುವುದಿಲ್ಲ, ಏಳರ ಹೊತ್ತಿಗೆ ಪೂರಾ ಬಲಿಯುತ್ತದೆ. ಎರಡು ವರ್ಷಕ್ಕೇ ರೇಸಿಗೆ ಇಳಿಸುವ ನಮ್ಮ ಕುದುರೆಗಳ ಕಾಲಿಗೆ ಪಟ್ಟಿ ಕಟ್ಟಿ ಕಟ್ಟಿ ಸುಸ್ತಾದವನಿಗೆ ಈ ಪದ್ಧತಿ ನೋಡಿ ಹೊಟ್ಟೆಕಿಚ್ಚಾಯಿತು. ಕಾಯುವುದರ ಫಲವೂ ಇದೆ. ಇಪ್ಪತ್ತು ದಾಟಿದ ಮೇಲೂ ಮಕ್ಕಳನ್ನು ಹೊತ್ತು ತಿರುಗುತ್ತವೆ, 25-30 ವರ್ಷ ಬದುಕುವುದು ವಿಶೇಷವೇನಲ್ಲ.

ಬಣ್ಣಗಳ ವಿಷಯಕ್ಕೆ ಬಂದರೆ ಅಲ್ಲಿನ ರೈತರು ನಮ್ಮವರ ಹಾಗೇ. ನಮ್ಮ ಹಟ್ಟಿಯಲ್ಲಿ ಕೆಂಪಿ, ಕರಿಯ ಅಂತ ಮೈಬಣ್ಣ ನೋಡಿ ಹೆಸರಿಡುವುದಿಲ್ಲವೇ? ಅಲ್ಲೂ ಬೂದುಬಣ್ಣದ್ದು ‘ಗ್ರಾನಿ’, ಪಟ್ಟೆ ಮಚ್ಚೆ ಇರುವುದು ‘ಸ್ಕ್ಯೋನಿ’. ನಲವತ್ತಕ್ಕೂ ಹೆಚ್ಚು ಬಣ್ಣಕ್ಕೆ ಬೇರೆ ಬೇರೆ ಹೆಸರಿದೆ. ಒಂದು ಬಗೆಯಂತೂ ಕಾಲಕ್ಕೆ ತಕ್ಕ ಹಾಗೆ ಬಣ್ಣ ಬದಲಿಸುತ್ತದೆ. ಚಳಿಗಾಲದ ಕೂದಲು ಉದುರುವಾಗ ಬೆಳ್ಳಿಯಂತೆ ಕಾಣುವ ಕುದುರೆ ಕೆಲವು ವಾರದಲ್ಲಿ ಬೇರೆಯದೇ ಕುದುರೆ ಅನಿಸುತ್ತದೆ.

ಈಗ ಟೋಲ್ಟ್. ಮಗಳು ದಿನಾ ಹೇಳುವುದಕ್ಕೆ ಕಾರಣ ಇದೆ.

ಸಾಮಾನ್ಯ ಕುದುರೆಗೆ ನಡಿಗೆ, ಟ್ರಾಟ್, ಆಮೇಲೆ ದೌಡು. ದೌಡು ಜೋರಾದರೆ ನಾಗಾಲೋಟ. ಟ್ರಾಟ್‌ನಲ್ಲಿ ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ ಬೀಳುತ್ತವೆ, ಆಮೇಲೆ ಇನ್ನೊಂದು ಜೋಡಿ. ನಡುವೆ ಒಂದು ಕ್ಷಣ ಕುದುರೆ ಪೂರ್ತಿ ಗಾಳಿಯಲ್ಲಿ. ನಮ್ಮ ಸೊಂಟ ಕುಣಿಯುವುದು ಅದಕ್ಕೇ. ಟೋಲ್ಟ್‌ನಲ್ಲಿ ಹಾಗಿಲ್ಲ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಒಂದೊಂದಾಗಿ, ಸಮ ಅಂತರದಲ್ಲಿ ಬೀಳುತ್ತವೆ. ಯಾವಾಗಲೂ ಒಂದು ಕಾಲಾದರೂ ನೆಲದ ಮೇಲೆ ಇದ್ದೇ ಇರುತ್ತದೆ. ಹಾರುವುದೇ ಇಲ್ಲ, ಹಾಗಾಗಿ ಎತ್ತಿ ಹಾಕುವುದೂ ಇಲ್ಲ. ಕಣ್ಣು ಮುಚ್ಚಿ ಕೇಳಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ದೌಡು ‘ತಕಿಟ ತಕಿಟ’ ಅನ್ನುತ್ತದೆ. ಟೋಲ್ಟ್ ‘ತಕದಿಮಿ ತಕದಿಮಿ’. ಡಾಂಬರು ರಸ್ತೆಯ ಮೇಲೆ ಒಳ್ಳೆಯ ಟೋಲ್ಟ್ ಕೇಳಿದರೆ ಮೃದಂಗದವರು ತಲೆದೂಗಬೇಕು.

ಮಗಳಿಗೆ ಇನ್ನೊಂದು ಹೇಳಿ. ಸಾಮಾನ್ಯ ನಡಿಗೆಯಲ್ಲೂ ಕಾಲು ಬೀಳುವ ಕ್ರಮ ಇದೇ. ಕ್ರಮ ಬದಲಿಸದೆ ಆ ನಡಿಗೆಯನ್ನೇ ಎಳೆದು ಎಳೆದು ದೌಡಿನ ವೇಗದವರೆಗೆ ಒಯ್ಯುವುದೇ ಟೋಲ್ಟ್‌ನ ಸೋಜಿಗ. ಮೊದಲ ಸಲ ನಾನು ಕೂತಾಗ ಘಟ್ಟದ ರಸ್ತೆಯಲ್ಲಿ ಬಸ್ಸಿನ ಕೊನೇ ಸೀಟಿನಿಂದ ಎದ್ದು ಬಂದು ಡ್ರೈವರ್ ಪಕ್ಕ ಕೂತ ಹಾಗಾಯಿತು. ಅಲ್ಲಿನ ಹಬ್ಬಗಳಲ್ಲಿ ಒಂದು ಆಟ ಇದೆ. ಸವಾರ ಒಂದು ಕೈಯಲ್ಲಿ ತುಂಬಿದ ಬಿಯರ್ ಲೋಟ ಹಿಡಿದು ಟೋಲ್ಟ್‌ನಲ್ಲಿ ಸುತ್ತು ಹೊಡೆಯುತ್ತಾನೆ. ಚೆಲ್ಲದೆ ಉಳಿಸಿದವನು ಗೆದ್ದ.

ಐದನೆಯ ನಡೆಯೂ ಒಂದಿದೆ, ‘ಸ್ಕೇಯ್ದ್’. ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಮುಂದೆ, ಆಮೇಲೆ ಇನ್ನೊಂದು ಪಕ್ಕ, ನಡುವೆ ಹಾರಿಕೆ. ಗಂಟೆಗೆ 45 ಕಿಲೋಮೀಟರ್ ದಾಟುವ ಓಟ ಇದು. ನೂರು, ಇನ್ನೂರೈವತ್ತು ಮೀಟರಿನ ಪಂದ್ಯಕ್ಕೆ ಮಾತ್ರ. ಎಲ್ಲ ಕುದುರೆಗೂ ಬರುವುದಿಲ್ಲ, ಎಲ್ಲ ಸವಾರರಿಗೂ ಬೇಕಾಗಿಲ್ಲ.

ಇದೆಲ್ಲ ಕಲಿಸಿ ಬಂದದ್ದಲ್ಲ. ಹುಟ್ಟಿದ ಮರಿ ತಾಯಿಯ ಪಕ್ಕ ಟೋಲ್ಟ್ ಹಾಕುತ್ತಾ ಓಡುವುದನ್ನು ನೋಡಿದ್ದೇನೆ. 2012ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳ ತಂಡ ಇದರ ಗುಟ್ಟು ಬಿಡಿಸಿತು. ಡಿಎಂಆರ್‌ಟಿ3 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಬೆನ್ನುಹುರಿಯಲ್ಲಿ ಎಡಗಾಲು ಬಲಗಾಲುಗಳ ತಾಳ ಕೂಡಿಸುವ ನರಕೋಶಗಳು ಆ ಜೀನ್‌ನ ಮಾತು ಕೇಳುತ್ತವೆ. ತಂದೆ ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬಂದಿದ್ದರೆ ಸ್ಕೇಯ್ದ್ ಕೂಡ ಬರುವ ಸಾಧ್ಯತೆ ಇದೆ. ಒಂದೇ ಕಡೆಯಿಂದ ಬಂದಿದ್ದರೆ ಸಾಮಾನ್ಯವಾಗಿ ನಾಲ್ಕೇ ನಡೆ. ಇದು ಐಸ್‌ಲ್ಯಾಂಡಿನದ್ದೇ ಸೊತ್ತೂ ಅಲ್ಲ. ಸುಖವಾದ ನಡಿಗೆಗೆ ಎಲ್ಲ ಕಡೆಯ ಸವಾರರೂ ಆಸೆಪಟ್ಟಿದ್ದಾರೆ. ನಮ್ಮ ರಾಜಸ್ಥಾನದ ಮಾರ್ವಾಡಿ ಕುದುರೆಗಳಲ್ಲೂ ‘ರೇವಾಲ್’ ಎಂಬ ಮೆತ್ತನೆಯ ನಡೆ ಇದೆ, ಅದಕ್ಕೆ ಬೆಲೆಯೂ ಜಾಸ್ತಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಪರ್ಧೆಯ ಟೋಲ್ಟ್ ನೋಡಿ ಮರುಳಾಗಬೇಡಿ. ಮುಂಗಾಲು ಎತ್ತಿ ಎತ್ತಿ ಹಾಕಿಸಲು ಕೆಲವರು ಲಗಾಮು ಬಿಗಿ ಹಿಡಿಯುತ್ತಾರೆ. ಸ್ಪರ್ಧೆಯ ಕುದುರೆಗಳ ಬಾಯಿ ತೆರೆಸಿ ಪರೀಕ್ಷೆ ಮಾಡಿದಾಗ ದವಡೆಯ ಮೂಳೆಯ ಮೇಲೆ ಗಾಯ ಕಂಡವು. ಕಮಾನಿನಂತೆ ಬಾಗಿದ ಒಂದು ಬಗೆಯ ಕಡಿವಾಣವನ್ನು ಆಮೇಲೆ ಸ್ಪರ್ಧೆಗಳಲ್ಲಿ ನಿಷೇಧ ಮಾಡಿದರು. ಮಗಳ ಲಾಯದಲ್ಲಿ ಕುದುರೆ ಬಾಯಿ ತೆರೆದುಕೊಂಡು, ತಲೆ ಎತ್ತಿ ಎತ್ತಿ ಎಸೆಯುತ್ತಿದ್ದರೆ ಸುಮ್ನೆ ಇರಬೇಡಿ, ಕೇಳಿ.

ಇದರಿಂದ ಏನೆಲ್ಲ ಕೆಲಸ ಮಾಡಿಸಿದರು ಅಂದರೆ, ಹತ್ತೊಂಬತ್ತನೇ ಶತಮಾನ ಮುಗಿಯುವವರೆಗೂ ಆ ದೇಶದಲ್ಲಿ ಗಾಡಿ ಓಡುವ ರಸ್ತೆ ಇರಲಿಲ್ಲ ಅನ್ನಬಹುದು. ಎಲ್ಲವೂ ಕುದುರೆ ಬೆನ್ನ ಮೇಲೇ. ಒಣಮೀನು, ಉಣ್ಣೆ, ಮನೆ ಕಟ್ಟುವ ತೊಲೆ, ಎರಡೂ ಪಕ್ಕಕ್ಕೆ ಕಟ್ಟಿದ ಹುಲ್ಲಿನ ಹೊರೆ, ಸೂಲಗಿತ್ತಿ, ಪಾದ್ರಿ, ಕೊನೆಗೆ ಶವಪೆಟ್ಟಿಗೆ. ‘ಎಲ್ಲರಿಗಿಂತ ಬೇಕಾದ ಆಳು’ ಎಂದೇ ಅಲ್ಲಿನವರು ಕುದುರೆಯನ್ನು ಕರೆಯುತ್ತಿದ್ದರು. ನನಗೆ ಹಿಡಿಸಿದ್ದು ಅವರ ‘ನೀರುಕುದುರೆ’. ನೀವಂದುಕೊಂಡ ನೀರುಕುದುರೆ ಅಲ್ಲ! ಹಿಮನದಿ ಕರಗಿ ಹರಿಯುವ ಹೊಳೆಗಳು ಅಲ್ಲಿ ದಿನಕ್ಕೊಂದು ದಾರಿ ಹಿಡಿಯುತ್ತವೆ. ನೀರು ಕೆಸರು ಬಣ್ಣ, ತಳ ಕಾಣುವುದಿಲ್ಲ. ಎಲ್ಲಿ ಕಾಲಿಟ್ಟರೆ ನಿಲ್ಲಬಹುದು ಅನ್ನುವುದನ್ನು ತಿಳಿದು, ಸೆಳೆತಕ್ಕೆ ಹೆದರದೆ ದಾಟಿಸುವ ಕುದುರೆಗೆ ಆ ಹೆಸರು. ದಕ್ಷಿಣದ ದೊಡ್ಡ ಹೊಳೆಗಳಿಗೆ ಸೇತುವೆ ಕಟ್ಟಿ ದೇಶ ಸುತ್ತುವ ರಸ್ತೆ ಪೂರ್ತಿಯಾದದ್ದು 1974ರಲ್ಲಿ. ಅಂದರೆ ಅಂಥ ಕುದುರೆಯನ್ನು ನಂಬಿ ಹೊಳೆ ದಾಟಿದವರು ನಮ್ಮ ಕಾಲದಲ್ಲೂ ಇದ್ದರು.

ಹೊರದೇಶಕ್ಕೆ ಹೋದ ಕುದುರೆಗಳ ಕಥೆ ಅಷ್ಟು ಚೆಂದ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹಡಗುಗಟ್ಟಲೆ ಬ್ರಿಟನ್ನಿಗೆ ಕಳಿಸಿದರು, ಕಲ್ಲಿದ್ದಲ ಗಣಿಗೆ. ಗಿಡ್ಡ ಮೈ, ಗಟ್ಟಿ ಬೆನ್ನು, ಕಮ್ಮಿ ಮೇವು. ಗಣಿಯ ಸುರಂಗಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಎರಡನೇ ಮಹಾಯುದ್ಧದ ಆಮೇಲೆ ಜೀಪು ಬಂತು, ಟ್ರ್ಯಾಕ್ಟರ್ ಬಂತು. ಕುದುರೆಯ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1950ರಲ್ಲಿ ಥಿಂಗ್‌ವೆಟ್ಲಿರ್ ಬಯಲಲ್ಲಿ ಮೊದಲ ‘ಲಾಂಡ್ಸ್‌ಮೋಟ್’ ಎಂಬ ರಾಷ್ಟ್ರೀಯ ಕುದುರೆ ಜಾತ್ರೆ ನಡೆಯಿತು. ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ದುಡಿಯುವ ಕುದುರೆ ಸವಾರಿಯ ಕುದುರೆ ಆಯಿತು. ಇವತ್ತು ನಾಲ್ಕು ಲಕ್ಷವೂ ಜನ ಇಲ್ಲದ ದೇಶದಲ್ಲಿ ಎಪ್ಪತ್ತು ಸಾವಿರದ ಆಸುಪಾಸು ಕುದುರೆಗಳಿವೆ. ಜರ್ಮನಿ, ಡೆನ್ಮಾರ್ಕ್, ನಿಮ್ಮ ಸ್ವೀಡನ್ ಎಲ್ಲ ಸೇರಿದರೆ ಹೊರಗಿರುವುದೇ ಜಾಸ್ತಿ.

ಹಳೆಯ ಕೆಲಸ ಒಂದು ಮಾತ್ರ ಹಾಗೇ ಉಳಿದಿದೆ. ಬೇಸಿಗೆಯಲ್ಲಿ ಕುರಿಗಳನ್ನು ಮೇಲಿನ ಬೆಟ್ಟಗಳಿಗೆ ಬಿಟ್ಟುಬಿಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಊರಿಗೆ ಊರೇ ಕುದುರೆ ಹತ್ತಿ ಹೋಗಿ ಹುಡುಕಿ ತರುತ್ತದೆ. ನಾನು ಒಂದು ಸೆಪ್ಟೆಂಬರ್ ಉತ್ತರದ ಸ್ಕಾಗಾಫ್ಯೋರ್ದುರ್ ಎಂಬಲ್ಲಿ ಇದ್ದೆ. ಅಲ್ಲಿ ಕುರಿಯ ಹಾಗೆ ಕುದುರೆಗಳನ್ನೂ ಬೆಟ್ಟದಿಂದ ಇಳಿಸುತ್ತಾರೆ. ಲೋಯ್ವ್‌ಸ್ಕಾಲಾರೆತ್ ಎಂಬ ದೊಡ್ಡಿ, ಚಕ್ರದ ಅರೆಗಳಂತೆ ಖಾನೆ ಖಾನೆ. ನೂರಾರು ಕುದುರೆ ಒಟ್ಟಿಗೆ ನುಗ್ಗುತ್ತವೆ. ಬೆಟ್ಟದ ಮೇಲಿಂದ ಮೊದಲು ಸದ್ದು ಬಂತು, ಕುದುರೆ ಆಮೇಲೆ ಕಂಡವು. ಎಂಬತ್ತರ ಹತ್ತಿರದ ಅಜ್ಜ ಒಬ್ಬರು ಆ ಗುಂಪಿನ ಮಧ್ಯೆ ಆರಾಮಾಗಿ ನಡೆದು ಹೋಗಿ, ತಮ್ಮ ಕುದುರೆಯ ಕಿವಿಯ ಹಿಂದೆ ಕೈ ಹಾಕಿ, ಹಗ್ಗವೂ ಇಲ್ಲದೆ ಕರೆದುಕೊಂಡು ಬಂದರು. ನನ್ನನ್ನು ಮಾತ್ರ ಬೇಲಿ ಹತ್ತಿ ಕೂತಿರು ಅಂದರು. ಕೂತೆ.

ಉಪಯೋಗ ಅಂದಮೇಲೆ ಹೇಳಲೇಬೇಕಾದವು ಇನ್ನೆರಡು. ಅಲ್ಲಿ ಕುದುರೆ ಮಾಂಸ ತಿನ್ನುತ್ತಾರೆ. ಕ್ರಿ.ಶ. 1000ದಲ್ಲಿ ಕ್ರೈಸ್ತ ಮತ ಒಪ್ಪುವಾಗಲೂ ಇದೊಂದನ್ನು ಬಿಡುವುದಿಲ್ಲ ಎಂದು ಸ್ವಲ್ಪ ಕಾಲ ವಿನಾಯಿತಿ ಇಟ್ಟುಕೊಂಡವರು ಅವರು. ಇದನ್ನು ನಾನು ತಪ್ಪು ಅನ್ನುವುದಿಲ್ಲ, ಅವರ ಊಟ ಅವರದು. ಆದರೆ ಇನ್ನೊಂದು ನನಗೆ ಹಿಡಿಸುವುದಿಲ್ಲ. ಗಬ್ಬದ ಹೆಣ್ಣು ಕುದುರೆಗಳಿಂದ ವಾರಕ್ಕೊಮ್ಮೆ ಸುಮಾರು 5 ಲೀಟರ್‌ನಂತೆ ಕೆಲವು ವಾರ ರಕ್ತ ತೆಗೆಯುತ್ತಾರೆ. ಅದರಲ್ಲಿರುವ ಒಂದು ಹಾರ್ಮೋನನ್ನು ಹಂದಿಗಳು ಬೇಗ ಬೆದೆಗೆ ಬರಲಿ ಎಂದು ಬಳಸುತ್ತಾರೆ. 2021ರಲ್ಲಿ ಪ್ರಾಣಿದಯಾ ಸಂಘಟನೆಗಳು ಇದರ ವಿಡಿಯೋ ಹೊರಗೆ ತಂದ ಮೇಲೆ ದೊಡ್ಡ ಗಲಾಟೆ ಆಯಿತು. ಅರೆಕಾಡು ಬಿದ್ದ ಕುದುರೆಯನ್ನು ಕಟ್ಟುವಾಗ ಅದು ಎಷ್ಟು ಹೆದರುತ್ತದೆ ಅನ್ನುವುದು ವೈದ್ಯನಾಗಿ ನನಗೆ ಗೊತ್ತು.

ಈಗ ನಿಮ್ಮ ಮನೆಯವರ 92 ಕೆ.ಜಿ. ವಿಷಯ.

ಐಸ್‌ಲ್ಯಾಂಡಿನಲ್ಲಿ ಆರಡಿ ಗಂಡಸರು ಈ ಕುದುರೆಗಳ ಮೇಲೇ ತಿರುಗುವುದು. ಕಾಲು ನೆಲಕ್ಕೆ ತಾಗೀತೇನೋ ಅನಿಸುವ ಹಾಗೆ ಕೂತಿರುತ್ತಾರೆ. ಮೈಗೆ ಹೋಲಿಸಿದರೆ ಇದರ ಕಾಲಿನ ಮೂಳೆ ದಪ್ಪ, ಬೆನ್ನು ಗಿಡ್ಡ, ಆದ್ದರಿಂದ ಹೊರುತ್ತದೆ. ಹೊರುತ್ತದೆ ಅಂದ ಮಾತ್ರಕ್ಕೆ ಹೇರಬಹುದು ಅಂತ ಅಲ್ಲ. ಲೆಕ್ಕ ಹಾಕಿ. ಯಜಮಾನರು 92, ಜೀನು, ಬೂಟು ಎಲ್ಲ ಸೇರಿ 8. ಒಟ್ಟು 100. ಕುದುರೆ 360 ಕಿಲೋ ಇದ್ದರೆ ಅದರ ತೂಕದ ಶೇ. 28ರ ಹತ್ತಿರ ಆಯಿತು. ಅಲ್ಲಿನ ಹೋಲರ್ ವಿಶ್ವವಿದ್ಯಾಲಯದಲ್ಲಿ ಟೋಲ್ಟ್ ಓಡುವ ಕುದುರೆಗಳ ಮೇಲೆ ಅವುಗಳ ತೂಕದ ಶೇ. 20ರಿಂದ 35ರವರೆಗೆ ಭಾರ ಹೊರಿಸಿ ನೋಡಿದ್ದಾರೆ. ಭಾರ ಏರಿದ ಹಾಗೆ ಎದೆಬಡಿತ, ಉಸಿರು, ಸ್ನಾಯು ದಣಿದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಎಲ್ಲ ಏರಿದವು. ಕುದುರೆ ಕುಸಿದು ಬೀಳಲಿಲ್ಲ, ಆದರೆ ದುಡಿಮೆ ಜಾಸ್ತಿಯಾಯಿತು. ನನ್ನ ಸಲಹೆ ಇಷ್ಟು. ಲಾಯದಲ್ಲಿರುವ ದೊಡ್ಡ, ಏಳು ವರ್ಷ ದಾಟಿದ, ಬೆನ್ನಿನ ಸ್ನಾಯು ತುಂಬಿದ ಕುದುರೆ ಕೇಳಿ. ಮೊದಲ ತಿಂಗಳು ಅರ್ಧ ಗಂಟೆ ಸಾಕು, ಅದರಲ್ಲೂ ಹೆಚ್ಚು ಪಾಲು ನಡಿಗೆ. ಇನ್ನೊಂದು ಗುಟ್ಟು ಹೇಳಲೇ? ತೂಕಕ್ಕಿಂತ ಜಾಸ್ತಿ ಬೆನ್ನು ನೋಯಿಸುವುದು ತಾಳ ತಪ್ಪಿ ಕುಕ್ಕುವ ಸವಾರ. ಕಲಿತ 90 ಕಿಲೋ ಕಲಿಯದ 70 ಕಿಲೋಗಿಂತ ಹಗುರ. ಬೇಸಿಗೆಯೊಳಗೆ ಯಜಮಾನರು ನಾಲ್ಕು ಕಿಲೋ ಇಳಿಸಿದರೆ ಕುದುರೆ ಬೇಡ ಅನ್ನುವುದಿಲ್ಲ. ನೀವೂ ಬೇಡ ಅನ್ನಲಾರಿರಿ.

ಇನ್ನು ಮೂಡಿಗೆರೆ.

ಸಾವಿರ ವರ್ಷ ಬಾಗಿಲು ಹಾಕಿಕೊಂಡು ಕೂತ ಮನೆಗೆ ಕಳ್ಳರು ಬಂದಿಲ್ಲ, ಹಾಗಾಗಿ ಬೀಗವೂ ಇಲ್ಲ. ಐಸ್‌ಲ್ಯಾಂಡಿನಲ್ಲಿ ಕುದುರೆಗಳ ಇನ್‌ಫ್ಲುಯೆಂಜಾ ಇಲ್ಲ, ಸ್ಟ್ರ್ಯಾಂಗಲ್ಸ್ ಎಂಬ ಗಂಟಲುಗಡ್ಡೆ ರೋಗ ಇಲ್ಲ, ರೇಬೀಸ್ ಇಲ್ಲ. 2010ರಲ್ಲಿ ಒಂದು ಕೆಮ್ಮು ಒಳಗೆ ನುಸುಳಿತು. ಬೇರೆ ದೇಶಗಳಲ್ಲಿ ಯಾರೂ ತಲೆಕೆಡಿಸಿಕೊಳ್ಳದಂಥ ಒಂದು ಬ್ಯಾಕ್ಟೀರಿಯಾ. ದೇಶದ ಹೆಚ್ಚೂಕಮ್ಮಿ ಎಲ್ಲ ಕುದುರೆಗಳೂ ಕೆಮ್ಮಿದವು, ಆ ವರ್ಷದ ಲಾಂಡ್ಸ್‌ಮೋಟ್ ಮರುವರ್ಷಕ್ಕೆ ಹೋಯಿತು. ನೀವು ರಜೆಗೆ ಐಸ್‌ಲ್ಯಾಂಡಿಗೆ ಹೋಗುವುದಾದರೆ ಮಗಳ ಬಳಸಿದ ಚರ್ಮದ ಕೈಗವಸು, ಜೀನು, ಲಗಾಮು ಒಯ್ಯಬೇಡಿ, ಒಳಗೆ ಬಿಡುವುದಿಲ್ಲ. ಸವಾರಿಯ ಬಟ್ಟೆಯನ್ನು ಚೆನ್ನಾಗಿ ಒಗೆದು ಒಣಗಿಸಿಯೇ ಒಯ್ಯಬೇಕು.

ಹೊರಗೆ ಬಂದ ಕುದುರೆಗೆ ಎದುರಾಗುವ ದೊಡ್ಡ ಶತ್ರು ಒಂದು ನುಸಿ. ಸಾಸಿವೆ ಕಾಳಿಗಿಂತ ಚಿಕ್ಕದು. ತುರಿಕೆ ರೋಗ ತರುವ ಈ ಕಚ್ಚುವ ನುಸಿ ಐಸ್‌ಲ್ಯಾಂಡಿನಲ್ಲಿ ಇಲ್ಲ. ಅಲ್ಲಿ ಹುಟ್ಟಿ ಬೆಳೆದ ಕುದುರೆ ಸ್ವೀಡನ್ನಿಗೋ ಜರ್ಮನಿಗೋ ಬಂದು ಮೊದಲ ಸಲ ಕಚ್ಚಿಸಿಕೊಂಡಾಗ ಅದರ ಮೈ ಹುಚ್ಚೆದ್ದ ಹಾಗೆ ಆಡುತ್ತದೆ. ಇದು ಅಲರ್ಜಿ. ‘ಸ್ವೀಟ್ ಇಚ್’ ಎಂದು ಹೆಸರು, ಸಿಹಿ ಏನೂ ಇಲ್ಲ. ನಾನಿದ್ದ ಊರಿನಲ್ಲಿ ಜೂನ್ ಬಂತೆಂದರೆ ಒಂದು ಬೇಲಿ ಕಂಬ ಗುರುತಾಗುತ್ತಿತ್ತು, ಬಾಲದ ಕೂದಲು ಅಂಟಿ, ರಕ್ತ ಒಣಗಿ ಕಪ್ಪಾಗಿ. ಒಂದು ಹೆಣ್ಣು ಕುದುರೆ ದಿನವಿಡೀ ಅದಕ್ಕೆ ತಿಕ್ಕುತ್ತಿತ್ತು. ಜೂಲಿನ ಬುಡ ಆನೆ ಚರ್ಮದಂತೆ ಮಡಿಕೆ ಬಿದ್ದಿತ್ತು. ಕಿವಿಯಿಂದ ಬಾಲದವರೆಗೆ, ಹೊಟ್ಟೆ ಕೆಳಗೂ ಸೇರಿ, ತೆಳು ಬಟ್ಟೆಯ ಚೀಲದಂಥ ಹೊದಿಕೆ ಹೊಲಿಸಿ ಹಾಕಿದ ಮೇಲೆ ಸ್ವಲ್ಪ ತಣ್ಣಗಾಯಿತು. ನುಸಿ ಜಾಸ್ತಿ ಇರುವ ಕಡೆ, ಐಸ್‌ಲ್ಯಾಂಡಿನಿಂದ ತಂದ ಕುದುರೆಗಳಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಇದು ಬರುತ್ತದೆ. ಹೊರದೇಶದಲ್ಲೇ ಹುಟ್ಟಿದ, ಮರಿಯಿಂದಲೇ ಕಚ್ಚಿಸಿಕೊಂಡ ಐಸ್‌ಲ್ಯಾಂಡ್ ಕುದುರೆಗೆ ಇದು ತುಂಬ ಕಮ್ಮಿ. ಸ್ವೀಡನ್ನಿನಲ್ಲೇ ಕುದುರೆ ಕೊಳ್ಳುವ ಯೋಚನೆ ಬಂದರೆ ‘ಎಲ್ಲಿ ಹುಟ್ಟಿದ್ದು?’ ಅನ್ನುವುದು ಮೊದಲ ಪ್ರಶ್ನೆಯಾಗಲಿ.

ನಮ್ಮ ಕಡೆ ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವುದೂ ಇದೇ ಕುಲದ ನುಸಿ. ಮಲೆನಾಡಿನ ಕೊಟ್ಟಿಗೆ, ಗೊಬ್ಬರದ ಗುಂಡಿ, ಮಳೆಯ ಒದ್ದೆ, ಇವೆಲ್ಲ ನುಸಿಗೆ ತವರುಮನೆ. ಅದರ ಮೇಲೆ ರಕ್ತ ಹೀರುವ ಉಣುಗು, ಕಚ್ಚುವ ನೊಣ, ಆ ನೊಣಗಳಿಂದ ಬರುವ ಸರ್ರಾ ರೋಗ. ಆ ಎರಡು ಪದರದ ಕಂಬಳಿ ಹೊದ್ದ ಪ್ರಾಣಿಯನ್ನು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದರೆ ಅದು ಬೆವರಿಯೇ ಸೋಲುತ್ತದೆ. ಆಮೇಲೆ ಕೊಬ್ಬಿನ ಮಾತು ನೆನಪಿದೆಯಲ್ಲ? ವರ್ಷವಿಡೀ ಹಸಿರು ಹುಲ್ಲು ಸಿಗುವ ಕಡೆ ಇದು ಕೊಬ್ಬು ಕಟ್ಟುತ್ತಲೇ ಹೋಗುತ್ತದೆ, ಕರಗಿಸುವ ಚಳಿಗಾಲ ಬರುವುದೇ ಇಲ್ಲ. ಗೊರಸಿನೊಳಗೆ ಉರಿಯೂತ ಬಂದು ಕಾಲು ಊರಲಾರದೆ ಮಲಗುತ್ತದೆ. ಸ್ವೀಡನ್ನಿನಲ್ಲೇ ಇದಕ್ಕೆ ಹೆದರಿ ಹುಲ್ಲುಗಾವಲಿಗೆ ಬೇಲಿ ಹಾಕಿ ಗಂಟೆ ಲೆಕ್ಕದಲ್ಲಿ ಮೇಯಿಸುತ್ತಾರೆ. ನಿಮ್ಮ ತಂದೆಯವರು ಪ್ರೀತಿಯಿಂದ ಬೆಲ್ಲ, ಬೇಯಿಸಿದ ಹುರುಳಿ ಕೊಟ್ಟರಂತೂ ಮುಗಿಯಿತು. ವಿಮಾನದ ಖರ್ಚು, ಪರವಾನಗಿ, ಕ್ವಾರಂಟೈನ್ ಇವನ್ನು ನಾನು ಎಣಿಸಿಯೇ ಇಲ್ಲ.

ತೋಟಕ್ಕೆ ಕುದುರೆ ಬೇಕೇ ಬೇಕು ಅಂದರೆ ಬೇರೆ ದಾರಿ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರು ವಲಸೆ ಹೋಗುವಾಗ ತಟ್ಟುಗಳ ಮೇಲೆ ಕಂಬಳಿ, ಪಾತ್ರೆ, ನಡೆಯಲಾರದ ಕುರಿಮರಿ ಹೇರಿಕೊಂಡು ಹೋಗುವುದನ್ನು ನೋಡಿರುತ್ತೀರಿ. ಭೀಮಾ ನದಿಯ ದಂಡೆಯ ಭೀಮಥಡಿ ತಟ್ಟನ್ನು ಈಚೆಗೆ ಬೇರೆಯೇ ತಳಿ ಎಂದು ಸರ್ಕಾರಿ ದಾಖಲೆಗೂ ಸೇರಿಸಿದ್ದಾರೆ. ಇವು ನಮ್ಮ ಬಿಸಿಲು, ನಮ್ಮ ನುಸಿ, ನಮ್ಮ ಒಣಮೇವಿನಲ್ಲೇ ಜರಡಿ ಹಿಡಿದು ಉಳಿದವು. ಆದರೂ ಬಯಲುಸೀಮೆಯ ಪ್ರಾಣಿ, ಮಲೆನಾಡಿನ ಮಳೆಗೆ ಅದಕ್ಕೂ ಹೊಸತು. ಕೊಳ್ಳುವ ಮೊದಲು ನಾಲ್ಕೂ ಗೊರಸು ಎತ್ತಿ ನೋಡಿ, ಅಂಗಾಲು ಕೊಳೆತ ವಾಸನೆ ಬಂದರೆ ಬಿಟ್ಟುಬಿಡಿ. ತರುವುದಾದರೆ ಡಿಸೆಂಬರ್‌ನಲ್ಲಿ ತನ್ನಿ, ಒಂದಲ್ಲ ಎರಡು ತನ್ನಿ, ಒಂಟಿ ಕುದುರೆ ಕೊರಗುತ್ತದೆ. ಜೂನ್ ಮಳೆ ಹಿಡಿಯುವ ಮೊದಲು ನೆಲಕ್ಕೆ ಕಲ್ಲು ಹಾಸಿದ, ಗಾಳಿಯಾಡುವ ಲಾಯ ಒಂದು ಎದ್ದಿರಬೇಕು. ಇಷ್ಟು ಮಾಡಿಟ್ಟು ಬರೆಯಿರಿ, ಚಿಕ್ಕಮಗಳೂರು ಕಡೆ ಬಂದಾಗ ಬಂದು ನೋಡುತ್ತೇನೆ.